ಏರು ಹತ್ತುವ ಹಾಡು

ಕೊಕಟನೂರ, ಅಥಣಿ ತಾಲೂಕು
೧೯ ಜನವರಿ ೨೦೨೫

ಮುದ್ದಿನ ಮೊಮ್ಮಗಳೇ, ಉಜ್ವಲವ್ವಾ,

ಪುಣೆಯ ಥಂಡಿಗೆ ಗಂಟಲು ಕೆಟ್ಟಿಲ್ಲ ತಾನೆ? ಗಿಟಾರಿನ ತಂತಿಗೆ ಸೀಳಿದ್ದ ಬೆರಳು ಮಾಯಿತೇ? ಮಲಗುವಾಗ ತುಪ್ಪ ಸವರಿಕೋ. ಇಲ್ಲಿ ಎಮ್ಮೆ ಈದಿದೆ, ನಾನೂ ಗಟ್ಟಿಯಾಗಿದ್ದೇನೆ. ಫೋನಿನಲ್ಲಿ ನೀನು ನನ್ನ ಮಾತು ಮುಗಿಯಗೊಡುವುದಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ಹೋದ ವಾರ ನೀನು, "ಸಾಕಾತು ಆಯಿ, ನನ್ನ ಹಾಡು ಯಾರೂ ಕೇಳವಲ್ರು. ಸ್ವಂತದ್ದು ಬರಿಯೂದು ಬಿಟ್ಟು ಹೊಟೇಲಿನ್ಯಾಗ ಮಂದಿ ಹಾಡು ಹಾಡತೀನಿ" ಎಂದೆಯಲ್ಲ, ಅದಕ್ಕೆ ಉತ್ತರ ಈಗ ಇದೆ. ನಿನ್ನೆ ಮಧ್ಯಾಹ್ನ ಕಬ್ಬು ಹೇರಿದ ಟ್ರ್ಯಾಕ್ಟರೊಂದು ನಮ್ಮ ಮನೆ ಮುಂದಿನ ಏರು ಹತ್ತಿ ನಿಂತಿತು. ಡ್ರೈವರ್ ದುಂಡೇಶ ನೀರು ಕೇಳಲು ಬಂದ. ಅವನ ಸ್ಪೀಕರಿನಲ್ಲಿ ಕಿವಿ ಗುಂಯ್ ಎನ್ನುವಂತೆ ಹಾಡುತ್ತಿದ್ದವಳು ನೀನು! ಅದೇ, ವೇದಿಕೆ ಸಿಗದೆ ಕಾದು ಕಾದು ಸಿಟ್ಟಿನಲ್ಲಿ ಬರೆದ ನಿನ್ನ ಪಾಳಿಯ ಹಾಡು. ನಾನು ಏನೂ ಅರಿಯದವಳಂತೆ, "ಯಾರ್ದೋ ತಮ್ಮಾ ಇದು?" ಎಂದೆ.

"ಯಾರ್ದೋ ಗೊತ್ತಿಲ್ರಿ ಆಯಿ. ಕಬ್ಬಿನ ಗಾಡಿಯವ್ರ ಎಲ್ಲಾರ ಪೆನ್‌ಡ್ರೈವಿನ್ಯಾಗೂ ಐತಿ. ಏರು ಬಂತಂದ್ರ ಇದನ್ನ ಹಚ್ಚತೀವಿ. ಇಂಜಿನ್ ಸಪ್ಪಳದ ಮ್ಯಾಲೂ ಕೇಳೂದು ಇದೊಂದ."

"ಬರೇ ಚೀರ್ತಾಳಲ್ಲೋ ಹುಡುಗಿ!" ಎಂದು ಕೆಣಕಿದೆ. ನೀರಿನ ಚರಿಗೆ ಕೆಳಗಿಟ್ಟು ಮುಖ ಗಂಟಿಕ್ಕಿಕೊಂಡ.

"ಚೀರಾಂಗಿಲ್ರಿ, ಬೈತಾಳ. ಕಾರ್ಖಾನಿ ಗೇಟಿನ್ಯಾಗ ಪಾಳಿ ಕಾದು ನೋಡ್ರಿ, ಆಮ್ಯಾಲ ಮಾತಾಡ್ರಿ."

ನನಗೆ ಬೈಸಿಕೊಂಡು ಇಷ್ಟು ಖುಷಿ ಎಂದೂ ಆಗಿರಲಿಲ್ಲ ಮಗಳೇ. ಪೆನ್‌ಡ್ರೈವಿನಲ್ಲಿ ಕೇಳಿದ್ದು ಎಷ್ಟು ಮಂದಿ ಕೇಳಿದರೆಂಬ ನಿನ್ನ ಮೊಬೈಲಿನ ಎಣಿಕೆಗೆ ಬರುವುದಿಲ್ಲವೆಂದೂ ಅವನಿಂದಲೇ ತಿಳಿಯಿತು. ಆ ಮೊಬೈಲಿಗೆ ಅಥಣಿಯ ರಸ್ತೆ ಏನು ಗೊತ್ತು? ಹೊಟ್ಟೆಪಾಡಿಗೆ ಹೊಟೇಲಿನಲ್ಲಿ ಹಾಡು, ಬೇಡವೆನ್ನೆನು. ಆದರೆ ಬರೆಯುವುದನ್ನು ಬಿಡಬೇಡ. ನಿನ್ನ ಹಾಡು ನಿನಗಿಂತ ಮುಂಚೆ ಊರು ಸುತ್ತುತ್ತಿದೆ.

ಯಲ್ಲವ್ವ ನಿನ್ನ ಕೊರಳನ್ನು ಕಾಯಲಿ. ಹೊತ್ತಿಗೆ ಸರಿಯಾಗಿ ಉಣ್ಣು.

ನಿನ್ನ ಆಯಿ,
ತಾರವ್ವ

ತಾ.ಕ.: ಕಬ್ಬಿನ ಹಂಗಾಮು ಮುಗಿದ ದಿನ ಡ್ರೈವರುಗಳೆಲ್ಲ ಖಾಲಿ ಟ್ರೇಲರಿನ ಮೇಲೆ ಕಾರ್ಯಕ್ರಮ ಇಡುತ್ತಾರಂತೆ. ಆ ಹಾಡಿನವಳನ್ನು ಹುಡುಕಿ ಕರೆಸುತ್ತೇನೆಂದು ದುಂಡೇಶನಿಗೆ ಮಾತು ಕೊಟ್ಟುಬಿಟ್ಟಿದ್ದೇನೆ. ನನ್ನ ಮೊಮ್ಮಗಳೆಂದು ಹೇಳಲಿಲ್ಲ, ಹೇಳಿದ್ದರೆ ನನ್ನ ಮುಲಾಜಿಗೆ ಹೊಗಳುತ್ತಿದ್ದ. ಹೊಸ ಹಾಡು ಕಟ್ಟಿಕೊಂಡೇ ಬಾ. ಮಂದಿ ಹಾಡು ಶುರು ಮಾಡಿದೆಯೋ, ಟ್ರೇಲರಿನಿಂದ ಇಳಿಸುವವಳು ನಾನೇ.