ಮನೆಗಡಲಿಗೆ ಹೊದಿಸದ ಕಪ್ಪು ಬಟ್ಟೆ

ಮೇಲ್ಕೇರಿ, ಶಿರಾಲಿ ಗುಡ್ಡ
ಆಷಾಢದ ಐವತ್ತೆರಡನೆಯ ದಿನ

ಪೂಜ್ಯ ಪ್ರಫುಲ್ಲಾ ಅಜ್ಜಿಯವರಿಗೆ ಜಲಜಾಕ್ಷಿಯ ನಮಸ್ಕಾರಗಳು.

ತಾರೀಖು ನೋಡಿ ನಗಬೇಡಿ. ನಿಮ್ಮ ಆಷಾಢ ಒಂದು ತಿಂಗಳಿಗೆ ಮುಗಿದುಹೋಗುತ್ತಿತ್ತಂತೆ. ನಮ್ಮದು ಮಳೆ ನಿಂತಾಗ ಮಾತ್ರ ಮುಗಿಯುತ್ತದೆ. ಅಲ್ಲಿಯವರೆಗೆ ದಿನ ಎಣಿಸುತ್ತಾ ಹೋಗುತ್ತೇವೆ. ನಿಮ್ಮ ಲೆಕ್ಕದಲ್ಲಿ ಹೇಳಬೇಕೆಂದರೆ ನಾನು ಇನ್ನೂರು ವರ್ಷ ಈಚೆ ಕುಳಿತು ಬರೆಯುತ್ತಿದ್ದೇನೆ. ನನ್ನ ಕನ್ನಡದಲ್ಲಿ ಕೆಲವು ಮಾತುಗಳು ನಿಮಗೆ ಪರಕೀಯ ಅನ್ನಿಸಬಹುದು, ಅಲ್ಲಲ್ಲಿ ಅರ್ಥ ಹೇಳುತ್ತಾ ಹೋಗುತ್ತೇನೆ, ಹೊಟ್ಟೆಗೆ ಹಾಕಿಕೊಳ್ಳಿ. ಇನ್ನೊಂದು ಮುಜುಗರವೂ ಇದೆ. ಈ ಕಾಗದ ಕೈಸೇರುವಾಗ ನಿಮಗೆ ಮೂವತ್ತು ತುಂಬಿರುವುದಿಲ್ಲ. ನನ್ನ ತಲೆ ಪೂರಾ ನರೆತಿದೆ. ಆದರೂ ಅಜ್ಜಿ ನೀವೇ, ಮೊಮ್ಮಗಳು ನಾನೇ. ಮೊಮ್ಮಗಳಾಗಿ ನಿಮ್ಮ ಮುಂದೆ ತಲೆ ತಗ್ಗಿಸಿ ನಿಲ್ಲುವುದಕ್ಕೇ ಬರೆಯುತ್ತಿದ್ದೇನೆ.

ನಿಮ್ಮ ಹಜಾರದಲ್ಲಿ, ಟೀವಿಯ ಪಕ್ಕದಲ್ಲಿ, ಒಂದು ಗಾಜಿನ ತೊಟ್ಟಿ ಇದೆ. ಅದರಲ್ಲಿ ಉಪ್ಪುನೀರು, ಎರಡು ಕಿತ್ತಳೆ ಮೀನು, ಒಂದು ಕಲ್ಲು, ಕಲ್ಲಿನ ಮೇಲೆ ಬೆರಳುದ್ದದ ನೇರಳೆ ಹವಳ. ಆ ಹವಳ ಇವತ್ತು ನನ್ನ ಮನೆಯಲ್ಲಿದೆ. ಅದರ ಮರಿಯಲ್ಲ, ಅದೇ. ಹವಳದ ಕೊಂಬೆ ಮುರಿದು ಬೇರೆ ಕಲ್ಲಿಗೆ ಅಂಟಿಸಿದರೆ ಅದೇ ಜೀವ ಅಲ್ಲೂ ಬೆಳೆಯುತ್ತದೆ ಎಂದು ನಿಮಗೆ ಗೊತ್ತೇ ಇದೆ. ಅಂಥ ಕೊಂಬೆಯನ್ನು ನಾವು ಕವಲು ಎನ್ನುತ್ತೇವೆ. ನಮ್ಮ ಮನೆತನದ ಹೆಣ್ಣುಮಕ್ಕಳು ಮದುವೆಯಾಗಿ ಹೋಗುವಾಗ ತವರಿನಿಂದ ಒಂದು ಕವಲು ಒಯ್ಯುತ್ತಾರೆ. ನಿಮ್ಮಿಂದ ನಿಮ್ಮ ಮಗಳಿಗೆ, ಅವಳಿಂದ ಅವಳ ಮಗಳಿಗೆ, ಹೀಗೆ ನನ್ನವರೆಗೆ ಬಂತು. ಕಡಲಿನಲ್ಲಿ ಹವಳ ಈಗ ಇಲ್ಲ. ನೀರು ಕಾದು, ಎಲ್ಲ ಬಿಳಿಚಿ ಸತ್ತವು. ಆ ಕಥೆ ನಿಮಗೇ ಹೆಚ್ಚು ಗೊತ್ತಿರಬೇಕು, ಅದಕ್ಕಾಗಿ ಬೈಯಲು ನಾನು ಬರೆಯುತ್ತಿಲ್ಲ. ಬೈಯುವ ಯೋಗ್ಯತೆ ಈ ತಿಂಗಳು ನನಗಿಲ್ಲ.

ನಮ್ಮ ಕೇರಿಯ ಪ್ರತಿ ಮನೆಯಲ್ಲೂ ಒಂದು ಮನೆಗಡಲು ಇದೆ. ಅಂದರೆ ನಿಮ್ಮದೇ ಗಾಜಿನ ತೊಟ್ಟಿ, ಸ್ವಲ್ಪ ದೊಡ್ಡದು. ಗುಡ್ಡದ ಕೆಳಗಿನ ಊರುಗಳು ನೀರಿನಲ್ಲಿವೆ. ದೋಣಿಗಳು ಈಗ ನಮ್ಮ ಕೆಳಕೇರಿಯ ಮೆಟ್ಟಿಲಿಗೇ ಬಂದು ನಿಲ್ಲುತ್ತವೆ. ಬೆಳಿಗ್ಗೆ ಎದ್ದು ಗಂಜಿಗೆ ನೀರಿಡುವ ಮೊದಲು ನಾವು ಮನೆಗಡಲಿನ ನೀರು ನೋಡುತ್ತೇವೆ. ಆವಿಯಾದಷ್ಟು ಮಳೆನೀರು ಸೇರಿಸುವುದು, ವಾರಕ್ಕೊಮ್ಮೆ ಒಂದಷ್ಟು ಹಳೆಯ ನೀರು ತೆಗೆದು ಹೊಸದಾಗಿ ಉಪ್ಪು ಕದಡಿದ ನೀರು ಹೊಯ್ಯುವುದು, ಗಾಜು ಮೇಯುವ ಬಸವನಹುಳುಗಳು ಅಂಗಾತ ಬಿದ್ದಿದ್ದರೆ ಎತ್ತಿ ನೆಟ್ಟಗೆ ಇಡುವುದು. ಸಂಜೆ ದೀಪಗಳು ನೀಲಿಯಾಗುತ್ತವೆ. ಆಗ ಹಲಸಿನ ಬೇಳೆ ಸುಡುತ್ತಾ ಅದರ ಮುಂದೆ ಕೂರುತ್ತೇವೆ. ನಮ್ಮ ಮಕ್ಕಳು ಕಡಲು ಎಂದರೆ ಬಣ್ಣದ್ದು ಎಂದು ಕಲಿಯುವುದು ಅಲ್ಲಿಯೇ.

ಇನ್ನು ಚಿಟಿಕೆಯ ವಿಷಯ. ಮನೆಗೆ ಬಂದವರಿಗೆ ನೀವು ಬೆಲ್ಲ-ನೀರು ಕೊಡುತ್ತಿದ್ದಿರಿ. ನಮ್ಮಲ್ಲಿ ಬಂದವರು ಮೊದಲು ಮನೆಗಡಲಿಗೆ ಮೀನುಗಳು ತಿನ್ನಲೆಂದು ಒಂದು ಚಿಟಿಕೆ ಹುಡಿ ಹಾಕುತ್ತಾರೆ, ಆಮೇಲೆ ಕೂರುತ್ತಾರೆ. ಬೇಡ ಎಂದರೆ ಬಾಗಿಲಿನಿಂದಲೇ ಹಿಂದೆ ಕಳುಹಿಸಿದಂತೆ. ಚಿಟಿಕೆ ಹೆಚ್ಚಿದಷ್ಟೂ ಮನೆಗೆ ಜನ ಹೆಚ್ಚು, ಮರ್ಯಾದೆ ಹೆಚ್ಚು. ಆದರೆ ಮೀನು ತಿನ್ನದೆ ಉಳಿದ ಹುಡಿ ಕೊಳೆಯುತ್ತದೆ, ಕೊಳೆತದ್ದು ಪಾಚಿಗೆ ಗೊಬ್ಬರ. ಅತಿಯಾದರೆ ಅಮೃತವೂ ವಿಷ ಎಂಬ ಗಾದೆ ನಮ್ಮಲ್ಲೂ ಇದೆ, ಗಾದೆ ಹೇಳಿಯೇ ಇನ್ನೊಂದು ಚಿಟಿಕೆ ಹಾಕುವವರೂ ಇದ್ದಾರೆ. ಪಾಚಿ ಬಂದ ಮನೆಗೆ ಮದ್ದಿಲ್ಲವೆಂದಲ್ಲ. ಮನೆಗಡಲಿಗೆ ಮೂರು ದಿನ ಕಪ್ಪು ಬಟ್ಟೆ ಹೊದಿಸಬೇಕು, ದೀಪ ಇಲ್ಲ, ಹುಡಿ ಇಲ್ಲ. ಅದೇ ಬಟ್ಟೆಯ ಒಂದು ತುಂಡನ್ನು ಹೊರಬಾಗಿಲಿಗೂ ಕಟ್ಟಬೇಕು, ಯಾರೂ ಚಿಟಿಕೆ ಹಾಕಬಾರದೆಂದು ತಿಳಿಯಲಿಕ್ಕೆ. ಬೆಳಕಿಲ್ಲದೆ ಪಾಚಿ ಸೊರಗುತ್ತದೆ, ಹವಳ ಅಷ್ಟು ದಿನ ತಡೆದುಕೊಳ್ಳುತ್ತದೆ. ಆಮೇಲೆ ಉಳಿದದ್ದನ್ನು ಬ್ರಷ್ಷಿನಿಂದ ಉಜ್ಜಿ ತೆಗೆದು, ನೀರು ಬದಲಿಸಿ, ಹುಡಿ ಕಡಿಮೆ ಮಾಡಿದರೆ ಮುಗಿಯಿತು. ಇಷ್ಟು ಸುಲಭ. ಆದರೆ ಬಾಗಿಲಿಗೆ ಕಪ್ಪು ಬಟ್ಟೆ ಕಟ್ಟಿದ ಮನೆಯನ್ನು ಕೇರಿಯೆಲ್ಲ ನೋಡುತ್ತದೆ.

ನನ್ನ ಮಗಳು ಸೌಗಂಧಿಗೆ ಸಂಬಂಧ ಗೊತ್ತಾಯಿತು. ಗಂಡಿನ ಕಡೆಯವರು ಬಂದು ಹೆಣ್ಣಿನ ಮನೆಯ ಮನೆಗಡಲು ನೋಡುವುದು ನಮ್ಮಲ್ಲಿ ಶಾಸ್ತ್ರ. ಕವಲು ಹೋಗುವುದು ಅವರ ಮನೆಗಲ್ಲವೇ. ಅವರು ಬರುವ ವಾರ ಕಲ್ಲಿನ ಹಿಂಭಾಗದಲ್ಲಿ ಹಸಿರು ಕಂಡಿತು. ಎಳೆಎಳೆಯಾದ ಕೂದಲು ಪಾಚಿ. ಮೊದಲು ನೋಡಿದವಳು ಸೌಗಂಧಿ. ಬಟ್ಟೆ ಹಾಕೋಣ ಎಂದಳು. ಬೀಗರು ಬರುವಾಗ ಬಾಗಿಲಿಗೆ ಕಪ್ಪು ಬಟ್ಟೆಯೇ ಎಂದು ನಾನು ಅವಳ ಬಾಯಿ ಮುಚ್ಚಿಸಿದೆ. ಮುಂದಿನ ಗಾಜನ್ನು ಮಾತ್ರ ಕನ್ನಡಿಯ ಹಾಗೆ ತಿಕ್ಕಿದೆ. ಪಾಚಿ ಇರುವ ಮೂಲೆ ಕಾಣದಂತೆ ಕಲ್ಲನ್ನು ತಿರುಗಿಸಿದೆ. ಬಣ್ಣ ಎದ್ದು ಕಾಣಲಿ ಎಂದು ಇನ್ನೊಂದು ದೀಪವನ್ನೂ ತೂಗುಹಾಕಿದೆ. ಮೇಲೆ ಥಳಕು, ಒಳಗೆ ಹುಳುಕು. ಬೀಗರು ಬಂದರು, ಹಿರಿಯರಿಂದ ಕಿರಿಯರವರೆಗೆ ಎಲ್ಲರೂ ಒಬ್ಬೊಬ್ಬರಾಗಿ ಚಿಟಿಕೆ ಹಾಕಿದರು. ನಾನು ನಗುತ್ತಾ ಡಬ್ಬಿ ಹಿಡಿದು ನಿಂತಿದ್ದೆ. ಬೇಡ ಎನ್ನುವ ಒಂದು ಮಾತು ನನ್ನ ಗಂಟಲಿನಿಂದ ಬರಲಿಲ್ಲ.

ಗೊಬ್ಬರ ಸಿಕ್ಕಿತು, ಬೆಳಕೂ ಸಿಕ್ಕಿತು; ಪಾಚಿಗೆ ಇನ್ನೇನು ಬೇಕು? ಕೆಲವೇ ದಿನಗಳಲ್ಲಿ ಹವಳದ ಕೊಂಬೆಗಳನ್ನೆಲ್ಲ ಕಂಬಳಿಯಂತೆ ಮುಚ್ಚಿತು. ಆಗಲಾದರೂ ಹೇಳಬಹುದಿತ್ತು. ನಾನು ಕಿಟಕಿ ಮುಚ್ಚಿದೆ, ಬಂದವರನ್ನು ಜಗಲಿಯಲ್ಲೇ ಮಾತನಾಡಿಸಿ ಕಳುಹಿಸಿದೆ. ಪಕ್ಕದ ಮನೆಯ ಗುಲಾಬಿ ಅಕ್ಕ ಒಂದು ದಿನ ಕೇಳದೆ ಒಳಗೆ ಬಂದರು. ಅವರ ಮಾತನ್ನು ಇದ್ದ ಹಾಗೆಯೇ ಬರೆಯುತ್ತೇನೆ: "ಎಂತಕ್ಕೆ ಮುಚ್ಚಿಟ್ಟಿದ್ಯೇ ಮಾರಾಯ್ತಿ? ಹಸಿರು ಹಿಡೀದೇ ಇದ್ದ ಮನೆ ಈ ಕೇರೀಲಿ ಯಾವ್ದುಂಟು? ನಮ್ಮನೇಲಿ ಹೋದ್ವರ್ಷ ಬಟ್ಟೆ ಕಟ್ಟಿದ್ದು ನೀ ನೋಡ್ಲಿಲ್ವಾ?" ನೋಡಿದ್ದೆ, ಅಜ್ಜಿ. ನೋಡಿ ಮನಸ್ಸಿನಲ್ಲೇ ನಕ್ಕಿದ್ದೆ. ನೆಲ ಬಿರಿದು ನುಂಗಬಾರದೇ ಅನ್ನಿಸಿತು. ಅವತ್ತು ಗುಲಾಬಿ ಅಕ್ಕನೇ ನಮ್ಮ ಬಾಗಿಲಿಗೆ ಬಟ್ಟೆ ಕಟ್ಟಿದರು.

ಬಟ್ಟೆ ತೆಗೆದಾಗ ಪಾಚಿ ಸತ್ತಿತ್ತು. ಉಜ್ಜಿ ತೆಗೆದೆವು. ಅಡಿಯಲ್ಲಿ ಇದ್ದದ್ದು ಸತ್ತ ಹವಳದ ಬಿಳಿ ಎಲುಬು. ಎಷ್ಟೋ ಅಮ್ಮಂದಿರು ಸಾಕಿದ್ದು, ಹೆಣ್ಣುಮಕ್ಕಳು ಸೆರಗಿನಲ್ಲಿ ಮರೆಮಾಡಿ ಮಳೆಯಲ್ಲಿ ಹೊತ್ತು ತಂದದ್ದು, ಪ್ರವಾಹದ ವರ್ಷ ನನ್ನ ಅಜ್ಜಿ ಪಾತ್ರೆಪಗಡ ಬಿಟ್ಟು ಇದೊಂದನ್ನೇ ಬಕೆಟಿನಲ್ಲಿ ಗುಡ್ಡ ಹತ್ತಿಸಿದ್ದು, ನಾಲ್ಕು ಜನ ಏನೆಂದಾರು ಎಂಬ ಒಂದು ಮಾತಿಗೆ ಹೋಯಿತು. ಬೇರೆಬೇರೆ ಊರಿಗೆ ಹೋದ ಕವಲುಗಳು ಒಂದೊಂದಾಗಿ ಮೊದಲೇ ಹೋಗಿದ್ದವು. ಉಳಿದದ್ದು ನಮ್ಮದೊಂದೇ ಎಂಬುದು ನನಗೆ ಚೆನ್ನಾಗಿ ಗೊತ್ತಿತ್ತು. ಒಂದು ಬುಡದಲ್ಲಿ ಮಾತ್ರ ಉಗುರಿನಷ್ಟು ನೇರಳೆ ಉಳಿದಿದೆ. ಅದನ್ನು ಕವಲಾಗಿ ಕತ್ತರಿಸಿದರೆ ಅತ್ತಲೂ ಉಳಿಯುವುದಿಲ್ಲ, ಇತ್ತಲೂ ಉಳಿಯುವುದಿಲ್ಲ.

ನಿನ್ನೆ ಸೌಗಂಧಿಯ ಮದುವೆಯಾಯಿತು. ನಾನು ಚಾಕು ಹಿಡಿದು ಮನೆಗಡಲಿನ ಮುಂದೆ ನಿಂತಿದ್ದೆ, ಯಾಕೆಂದರೆ ಕವಲಿಲ್ಲದೆ ಮಗಳನ್ನು ಕಳುಹಿಸಿದ ತಾಯಿ ನಮ್ಮ ವಂಶದಲ್ಲೇ ಇಲ್ಲ. ನೋಡಿ, ಅಷ್ಟಾದ ಮೇಲೂ ನನಗೆ ಜನರದ್ದೇ ಯೋಚನೆ. ಅವಳು ನನ್ನ ಕೈಯಿಂದ ಚಾಕು ತೆಗೆದುಕೊಂಡಳು. "ಬರಿಗೈಲಿ ಹೋಗ್ತೆ ಅಮ್ಮಾ. ನೀ ಇದ್ನ ಬದುಕ್ಸು. ನಂಗೆ ಮಗ್ಳು ಹುಟ್ಟಿದ್ರೆ ಅವ್ಳು ಬಂದು ಕೇಳ್ತಾಳೆ" ಎಂದಳು. ಬೀಗರೆದುರು ತಾನೇ ಎಲ್ಲವನ್ನೂ ಹೇಳಿದಳು, ನನ್ನ ಹೆಸರು ಮಾತ್ರ ಹೇಳಲಿಲ್ಲ. ನಮ್ಮ ಮನೆಯಲ್ಲಿ ಹೀಗಾಯಿತು ಎಂದಳು. ಕವಲು ಒಯ್ಯಲೆಂದು ತಂದಿಟ್ಟಿದ್ದ ಪುಟ್ಟ ತೊಟ್ಟಿಯನ್ನು ಖಾಲಿಯಾಗಿಯೇ ಎತ್ತಿಕೊಂಡು ಮೆಟ್ಟಿಲಿಳಿದು ದೋಣಿ ಹತ್ತಿದಳು. ಅದರೊಳಗೆ ಮಳೆನೀರು ಬೀಳುತ್ತಿತ್ತು. ನಾನು ಕೈ ಬೀಸಲೂ ಇಲ್ಲ, ಮುಖ ಮುಚ್ಚಿಕೊಂಡು ಅತ್ತೆ.

ಇನ್ನು ನಿಮ್ಮ ವಿಷಯ. ಮನೆತನದಲ್ಲಿ ಒಂದು ಮಾತು ಉಳಿದುಬಂದಿದೆ. ತೊಟ್ಟಿ ತಂದ ಮೊದಲ ವರ್ಷ ನಿಮಗೂ ಹೀಗೇ ಹಸಿರು ಹಿಡಿಯಿತಂತೆ. ನೋಡಿದವರೆಲ್ಲ ನಕ್ಕರಂತೆ. ನಾಚಿಕೆಗೆ ಬೇಸತ್ತು ನೀವು ಎಲ್ಲವನ್ನೂ ಚರಂಡಿಗೆ ಸುರಿಯಲು ಬಕೆಟು ತಂದಿಟ್ಟಿದ್ದಿರಂತೆ. ಯಾಕೆ ಸುರಿಯಲಿಲ್ಲ ಎಂಬುದು ನಮ್ಮಲ್ಲಿ ಯಾರಿಗೂ ಗೊತ್ತಿಲ್ಲ. ಕಾಗದವನ್ನು ಕಾಲದಲ್ಲಿ ಹಿಂದಕ್ಕೆ ಒಯ್ಯುವವರಿಗೆ, ಆ ಬಕೆಟಿನ ದಿನವೇ ನಿಮಗೆ ತಲುಪಿಸಿ ಎಂದು ಹೇಳಿದ್ದೇನೆ.

ಆದ್ದರಿಂದ ಬಕೆಟನ್ನು ಒಳಗಿಡಿ. ನಗುವವರು ನಗಲಿ, ಅವರು ನಾಲ್ಕು ದಿನಕ್ಕೆ ಮರೆಯುತ್ತಾರೆ. ಮಕ್ಕಳು ಮುದ್ದಿನಿಂದ ಇನ್ನೊಂದು ಚಿಟಿಕೆ ಹಾಕಲು ಬಂದರೆ ಬೇಡ ಎನ್ನಿ. ನನ್ನ ಗಂಟಲಿನಿಂದ ಬಾರದ ಆ ಮಾತು ನಿಮ್ಮಿಂದಲಾದರೂ ಬರಲಿ. ದೀಪ ಆರಿಸು ಎಂದು ಬಾಯಲ್ಲಿ ಹೇಳುವುದೇ ಅಪಶಕುನ ಎಂದು ಹಿರಿಯರು ನಿಮಗೂ ಕಲಿಸಿರುತ್ತಾರೆ, ನನಗೂ ಕಲಿಸಿದ್ದಾರೆ. ಆದರೂ ಕೈಮುಗಿದು ಕೇಳಿಕೊಳ್ಳುತ್ತೇನೆ. ಇವತ್ತು ತೊಟ್ಟಿಯ ದೀಪ ಆರಿಸಿ, ಅಜ್ಜಿ.

ನಿಮ್ಮ ಮೊಮ್ಮಗಳು,
ಜಲಜಾಕ್ಷಿ