ಖಾರವಿಲ್ಲದ ಬಾಟಲಿ

ಅಕ್ಕಾ,

ಫ್ರಿಜ್‌ನಲ್ಲಿರೋ ಕಡಲಪಾಚಿ ಸಾಸಿನ ಬಾಟಲಿಗಳನ್ನ ಹೋಟೆಲಿಗೆ ಕಳಿಸಬೇಡ. ಅವರು ಫೋನ್ ಮಾಡಿದರೆ ನಾಳೆ ಅನ್ನು, ಜಗಳಕ್ಕಿಳಿಯಬೇಡ.

ನಿನ್ನೆ ನೀನು ಒಂದು ಚಮಚ ಬಾಯಿಗೆ ಹಾಕ್ಕೊಂಡು, "ಖಾರ ನೆತ್ತಿಗೇರ್ತು ಕಣೇ, ಪಾಚಿನೂ ಹದವಾಗಿದೆ" ಅಂದೆ. ಕಣ್ಣು ಬೇರೆ ಒರೆಸ್ಕೊಂಡೆ. ಬೆಳಿಗ್ಗೆ ನೋಡಿದರೆ ರುಬ್ಬಿದ ಮೆಣಸಿನಕಾಯಿ ಅಷ್ಟೂ ಬಟ್ಟಲಲ್ಲೇ ಇದೆ. ನಾನು ಅದನ್ನ ಹಾಕೋದನ್ನೇ ಮರೆತು, ಬರೀ ಪಾಚಿ ಕುದಿಸಿ ತುಂಬಿಸಿಬಿಟ್ಟಿದ್ದೆ. ತಪ್ಪು ನನ್ನದೇ. ಆದರೆ ನಿನ್ನ ನಾಲಿಗೆ ನಂಬಿ ನಾನು ರುಚಿನೇ ನೋಡಲಿಲ್ಲ.

ಹೋದ ತಿಂಗಳು ಬಂದ ಆ ಜ್ವರ ಬಿಟ್ಟ ಮೇಲೆ ನಿನಗೇನೂ ರುಚಿ ಗೊತ್ತಾಗ್ತಿಲ್ಲ, ಅಲ್ವಾ? ನನ್ನ ಹತ್ತಿರನೂ ನಾಟಕ ಯಾಕೆ?

ಹನ್ನೊಂದಕ್ಕೆ ಡಾಕ್ಟರ ಹತ್ತಿರ ಹೋಗೋಣ, ರೆಡಿಯಾಗಿರು.

ಅಮ್ಮನಿಗೆ ನಾನೇನೂ ಹೇಳಿಲ್ಲ. ಆದರೆ ಒಂದು ತಿಂಗಳಿಂದ ಅವಳು ನೀನು ಮಾಡಿದ ಅಡುಗೆ ಉಂಡು, ತುಟಿಪಿಟಕ್ಕೆನ್ನದೆ ಎರಡೆರಡು ಚೊಂಬು ನೀರು ಕುಡೀತಿದ್ದಾಳೆ.