ಐದನೆಯವನ ಮೂರು ಪುಟ

ಬೀಚನಹಳ್ಳಿ ಡ್ಯಾಂ ಕ್ವಾರ್ಟರ್ಸ್
೧೨ ಆಗಸ್ಟ್ ೧೯೭೩

ಪ್ರೀತಿಯ ವಿಶಾಲು,

ನೀನು ಕೆ.ಆರ್. ನಗರದಿಂದ ಕಳಿಸಿದ ಪುಸ್ತಕ ತಲುಪಿತು. ಆ ಇಂಗ್ಲಿಷ್ ರಾಕ್ ತಂಡದವರೆಲ್ಲರ ಜೀವನಚರಿತ್ರೆಯನ್ನೂ ಡಿಕ್ಷನರಿ ಇಟ್ಟುಕೊಂಡು ಓದಿ ಮುಗಿಸಿದೆ. ನಮ್ಮನೆಯವರು ಬೆಳಿಗ್ಗೆ ಅಣೆಕಟ್ಟೆಯ ಕೆಲಸಕ್ಕೆ ಹೋದರೆ ಬರುವುದು ಕತ್ತಲಾದ ಮೇಲೆ. ಓದಲು ಬೇಕಾದಷ್ಟು ಹೊತ್ತಿದೆ.

ಹೆಸರು ಮಾಡಿದ ನಾಲ್ವರದ್ದೂ ದೊಡ್ಡ ದೊಡ್ಡ ಅಧ್ಯಾಯ. ಮೊದಲು ಅವರ ಜೊತೆ ಹಾಡುತ್ತಿದ್ದ ಐದನೆಯವನು ಮದುವೆಯಾಗಿ ತಂಡ ಬಿಟ್ಟನಂತೆ. ಅವನಿಗೆ ಮೂರೇ ಪುಟ. ಆಮೇಲೆ ಅವನು ಏನಾದನೆಂದು ಎಲ್ಲೂ ಬರೆದಿಲ್ಲ. ನಾನು ಆ ಮೂರು ಪುಟಗಳನ್ನೇ ಮತ್ತೆ ಮತ್ತೆ ಓದಿದೆ.

ಮನೆಗೆಲಸಕ್ಕೆ ಬರುವ ಮುತ್ತಿಗೆ ಇದನ್ನು ಹೇಳಿದೆ. "ಮನೇಲಿ ಹಾಡೇಳ್ಕತಾ ಇದ್ನೇನೋ ಬುಡಿ ಅಮ್ಮಾವ್ರೆ, ಅದ್ನ ಯಾರು ಬರ್ದಾರು?" ಎಂದಳು. ಪಾತ್ರೆ ತೊಳೆಯುತ್ತಲೇ, "ನೀವೂ ಹಾಡ್ತಿದ್ರಂತಲ್ಲ?" ಎಂದು ಕೇಳಿದಳು.

ಇವರು ಹಾಡಬೇಡ ಎಂದು ಯಾವತ್ತೂ ಹೇಳಿದವರಲ್ಲ. ಹಾಡು ಎಂದೂ ಹೇಳಿಲ್ಲ. ಮದುವೆಯಾದ ಮೇಲೆ ಮೊದಲ ಸಲ ಅವತ್ತು ಬಾಯಿ ಬಿಟ್ಟೆ. ವಾದ್ಯಗೋಷ್ಠಿಯಲ್ಲಿ ನಾವಿಬ್ಬರೂ ಕೊನೆಗೆ ಹಾಡುತ್ತಿದ್ದೆವಲ್ಲ, ಅದೇ ಹಾಡು. ಮುತ್ತಿ ಪಾತ್ರೆ ತೊಳೆಯುವುದನ್ನು ನಿಲ್ಲಿಸಿ ಕೇಳಿದಳು. ಎರಡನೆಯ ಚರಣದಲ್ಲಿ ನನ್ನ ಸಾಲುಗಳು ಬಂದವು, ನಿನ್ನವು ನೆನಪಾಗಲಿಲ್ಲ. "ಮುಂದ್ಕೆ?" ಎಂದು ಮುತ್ತಿ ಕಾದು ಕೂತಳು.

ನನ್ನ ಜಾಗಕ್ಕೆ ಬಂದ ಹುಡುಗಿಯ ಕಂಠ ಚೆನ್ನಾಗಿದೆ ಎಂದು ನೀನು ಬರೆದಿದ್ದೆ. ಸಂತೋಷ.

ನಿನ್ನ ಸಾಲುಗಳನ್ನು ಒಂದು ಇನ್‌ಲ್ಯಾಂಡ್ ಲೆಟರಿನಲ್ಲಿ ಬರೆದು ಕಳಿಸು. ಬೇರೆ ಸುದ್ದಿಗೆ ಜಾಗ ಉಳಿಯದಿದ್ದರೂ ಪರವಾಗಿಲ್ಲ.

ನಿನ್ನ
ಇಂದ್ರಾಣಿ